ಹಂಡೆ ಸೋರಿದಾಗ ಕೇಳಬೇಕಾದ ಪ್ರಶ್ನೆ



ನಿಮ್ಮ ಹಳೆಯ ಮನೆಯ ಬಚ್ಚಲಲ್ಲಿ ಮೂರು ತಲೆಮಾರಿಗೆ ನೀರು ಕಾಯಿಸಿಕೊಟ್ಟ ತಾಮ್ರದ ಹಂಡೆ ತಳ ಸವೆದು ಸೋರತೊಡಗಿದೆ ಎಂದಿಟ್ಟುಕೊಳ್ಳಿ. ಇನ್ನು ಮುಂದೆ ಏನು ತರೋಣ ಎಂಬ ಮಾತು ಮನೆಯಲ್ಲಿ ಏಳುತ್ತದೆ. ಒಬ್ಬರು ಗೀಸರ್ ಎನ್ನುತ್ತಾರೆ, ಇನ್ನೊಬ್ಬರು ಸೋಲಾರ್ ಎನ್ನುತ್ತಾರೆ, ಹಿರಿಯರು ಬೆಸುಗೆ ಹಾಕಿಸಿದರೆ ಸಾಕು ಎನ್ನುತ್ತಾರೆ. ಅಂಗಡಿಯವನು ಬೆಲೆ ಹೇಳುತ್ತಾನೆ. ಆದರೆ ಬೆಲೆಯ ಚೀಟಿಯಲ್ಲಿ ಬರೆಯದ ಒಂದು ಲೆಕ್ಕವಿದೆ. ಈ ಬಿಸಿನೀರಿಗಾಗಿ ಯಾರು ದುಡಿಯುತ್ತಾರೆ? ಯಾರು ಹೊಗೆ ಕುಡಿಯುತ್ತಾರೆ? ಅದನ್ನು ಕೇಳದೆ ಮಾಡಿದ ಆಯ್ಕೆ ಅಗ್ಗವಾಗಿರಬಹುದು, ನ್ಯಾಯವಾಗಿರಲಾರದು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕಡೆ ಅಡುಗೆಗೆ ಗ್ಯಾಸ್ ಬಂದ ಎಷ್ಟೋ ಮನೆಗಳಲ್ಲಿ ಸ್ನಾನದ ನೀರಿಗೆ ಇಂದಿಗೂ ಕಟ್ಟಿಗೆಯೇ. ಇದಕ್ಕೆ ಕಾರಣವೂ ಇದೆ. ಮೆಕ್ಕೆಜೋಳದ ದಂಟು, ಹತ್ತಿಕಟ್ಟಿಗೆ, ಹಳ್ಳದ ದಂಡೆಯ ಬಳ್ಳಾರಿ ಜಾಲಿ, ಇವಕ್ಕೆ ಕಾಸು ಕೊಡಬೇಕಿಲ್ಲ. ಹೊಲದಲ್ಲಿ ಬಿದ್ದು ಹೋಗುವ ವಸ್ತುವಿನಿಂದ ಮನೆಮಂದಿಯೆಲ್ಲ ಮೀಯುವುದು ತಾತ್ಸಾರದ ಮಾತಲ್ಲ. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದ ದಿನ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಸಿಂಗರಿಸಿ ನೀರು ತುಂಬುವ ನಾಡು ನಮ್ಮದು. ಹಂಡೆಯೆಂದರೆ ಬರೀ ಪಾತ್ರೆಯಲ್ಲ.

ಆದರೂ ಒಂದು ಮಾತು ಯೋಚಿಸಿ ನೋಡಿ. ಕಾಸು ಕೊಡದ ಕಟ್ಟಿಗೆ ನಿಜವಾಗಿಯೂ ಪುಕ್ಕಟೆಯೇ? ಜಾಲಿಯ ಮುಳ್ಳು ಸವರಿ ಹೊರೆ ಕಟ್ಟಿ ತಂದವರು ಯಾರು? ಎಲ್ಲರಿಗಿಂತ ಮೊದಲು ಎದ್ದು, ಮಳೆಗಾಲದ ಹಸಿ ಕಟ್ಟಿಗೆಯನ್ನು ಊದುತ್ತ ಕೂತವರು ಯಾರು? ಬಹುಪಾಲು ಮನೆಗಳಲ್ಲಿ ಅದು ತಾಯಿ, ಇಲ್ಲವೇ ಸೊಸೆ. ಹೊಗೆ ಅವರ ಕಣ್ಣಿಗೂ ಎದೆಗೂ ಮಾಡುವ ಕೇಡು ವೈದ್ಯರು ಬಲ್ಲ ಸಂಗತಿ. ಹಣ ಕೊಟ್ಟು ಕೊಳ್ಳುವವರು ಒಬ್ಬರು, ದಿನಾ ಅದರ ಮುಂದೆ ಕೂರುವವರು ಇನ್ನೊಬ್ಬರು. ಆದ್ದರಿಂದ ಮೊದಲ ನಿಯಮ ಇದು: ಒಲೆಯ ಮುಂದೆ ಕೂರುವವರನ್ನು ಕೇಳದೆ ಒಲೆಯ ವಿಚಾರ ತೀರ್ಮಾನಿಸಬಾರದು.

ಹಾಗಾದರೆ ಗೀಸರ್ ತರೋಣವೇ? ಲೆಕ್ಕ ಹಾಕೋಣ. ಐದು ಜನರಿಗೆ ಒಬ್ಬೊಬ್ಬರಿಗೆ 20 ಲೀಟರಿನಂತೆ 100 ಲೀಟರ್ ನೀರನ್ನು 20 ಡಿಗ್ರಿಯಷ್ಟು ಬಿಸಿ ಮಾಡಲು ಹೆಚ್ಚುಕಡಿಮೆ ಎರಡೂಕಾಲು ಯುನಿಟ್ ವಿದ್ಯುತ್ ಬೇಕು. ತಿಂಗಳಿಗೆ 70 ಯುನಿಟ್ ಆಯಿತು. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿ ಮನೆಗೂ ಅದರ ಹಿಂದಿನ ಸರಾಸರಿ ಬಳಕೆಗಿಂತ ತುಸು ಹೆಚ್ಚಿನಷ್ಟು ಮಾತ್ರ ಉಚಿತ. 200 ಯುನಿಟ್ ದಾಟಿದರೆ ಇಡೀ ಬಿಲ್ಲು ನಮ್ಮದೇ. ಮೊದಲು ಗೀಸರ್ ಇಲ್ಲದಿದ್ದ ಮನೆಗೆ ಈ 70 ಯುನಿಟ್ಟಿನ ಬಹುಭಾಗ ಹೊಸ ಖರ್ಚಾಗಿಯೇ ಬರುತ್ತದೆ.

ಬಿಲ್ಲು ಬಾರದಿದ್ದರೂ ಯಾರೋ ಅದನ್ನು ತೆರುತ್ತಿರುತ್ತಾರೆ. ಸರಕಾರ ಕೊಡುವ ಹಣ ಎಲ್ಲರ ಬೆವರಿನದು. ನಮ್ಮ ತಂತಿಗೆ ಬರುವ ವಿದ್ಯುತ್ತಿನಲ್ಲಿ ಗಾಳಿಯಂತ್ರಗಳ ಪಾಲೂ ಇದೆ, ಬಳ್ಳಾರಿ ಬಳಿಯ ಕುಡತಿನಿಯಂಥ ಸ್ಥಾವರಗಳಲ್ಲಿ ಉರಿಯುವ ಕಲ್ಲಿದ್ದಲಿನ ಪಾಲೂ ಇದೆ. ನಮ್ಮ ಬಚ್ಚಲಿನ ಹೊಗೆ ಇನ್ನೊಂದು ಊರಿನ ಆಕಾಶಕ್ಕೆ ಹೋಯಿತೇ ಹೊರತು ಪೂರ್ತಿ ಹೋಗಲಿಲ್ಲ. ಹಾಗೆಂದು ಗೀಸರ್ ಕೊಳ್ಳುವುದು ಪಾಪವಲ್ಲ. ಬಾಣಂತಿ, ಹಾಸಿಗೆ ಹಿಡಿದ ಹಿರಿಯರು ಇರುವ ಮನೆಗೆ ಅದು ದೊಡ್ಡ ಉಪಕಾರ. ಪುಕ್ಕಟೆ ಎಂಬ ಮಾತಿಗೆ ಮರುಳಾಗಿ ಹಗಲೆಲ್ಲ ಸ್ವಿಚ್ ಹಾಕಿಡುವುದು ಮಾತ್ರ ಸಲ್ಲದು.

ಸೂರ್ಯನ ಬಿಸಿಲಂತೂ ನಮ್ಮ ಸೀಮೆಯಲ್ಲಿ ಧಾರಾಳ. ಎರಡು ಚದರ ಮೀಟರ್ ಹಲಗೆಯೊಂದು ದಿನಕ್ಕೆ 100 ಲೀಟರ್ ನೀರು ಕಾಯಿಸುತ್ತದೆ. ಆದರೆ ಹಳೆಯ ಮನೆಯ ಸ್ವಭಾವ ಬೇರೆ. ಮಣ್ಣಿನ ಮಾಳಿಗೆ, ಕೆಳಗೆ ಹಳೆಯ ತೊಲೆಗಳು. ನೀರು ತುಂಬಿದ ಟ್ಯಾಂಕಿನ ಭಾರ ನೂರು ಕಿಲೋ ದಾಟುತ್ತದೆ. ತೊಲೆ ತಡೆಯುವುದೇ ಎಂದು ಮನೆ ಕಟ್ಟುವ ಮೇಸ್ತ್ರಿಯನ್ನು ಮೊದಲು ಕೇಳಬೇಕು. ತಣ್ಣೀರಿನ ಟ್ಯಾಂಕು ಸೋಲಾರಿಗಿಂತ ಎತ್ತರದಲ್ಲಿರಬೇಕು. ನಳ ಬಂದಾಗ ಕೊಡಗಳಲ್ಲಿ ತುಂಬಿಡುವ ಮನೆಗೆ ಆ ವ್ಯವಸ್ಥೆಯೇ ಇರುವುದಿಲ್ಲ. ಬೋರಿನ ಗಡಸು ನೀರಾದರೆ ತಾಮ್ರದ ಸಣ್ಣ ಕೊಳವೆಗಳಲ್ಲಿ ಸುಣ್ಣ ಕಟ್ಟಿಕೊಳ್ಳುತ್ತದೆ. ಅಂಥ ಕಡೆ ಗಾಜಿನ ಕೊಳವೆಯದು ಮೇಲು, ಅದನ್ನೂ ಆಗಾಗ ತೊಳೆಯಬೇಕು. ಗೀಸರಿನ ಕಾಯಿಲಿಗೂ ಇದೇ ಸುಣ್ಣದ ಕಾಟ. ಬಾಡಿಗೆ ಮನೆಯವರಿಗಂತೂ ಮಾಳಿಗೆಯ ಮೇಲೆ ಅಧಿಕಾರವೇ ಇಲ್ಲ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಗ್ಯಾಸ್ ಗೀಸರನ್ನು ಗಾಳಿಯಾಡದ ಬಚ್ಚಲಲ್ಲಿ ಕೂರಿಸಬೇಡಿ. ಅಲ್ಲಿ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೀಯಲು ಹೋದವರು ಕೂಗುವ ಮುಂಚೆಯೇ ಕುಸಿಯುತ್ತಾರೆ. ವಿದ್ಯುತ್ ಗೀಸರಿಗೆ ಸರಿಯಾದ ಅರ್ಥಿಂಗ್ ಇಲ್ಲದಿದ್ದರೂ ಅಪಾಯ ಅಷ್ಟೇ. ಜೀವದ ಮುಂದೆ ಉಳಿತಾಯದ ಲೆಕ್ಕ ನಿಲ್ಲುವುದಿಲ್ಲ.

ಇದೆಲ್ಲ ನೋಡಿದರೆ ಎಲ್ಲ ಮನೆಗೂ ಒಂದೇ ಉತ್ತರವಿಲ್ಲ. ಗಟ್ಟಿ ಆರ್‌ಸಿಸಿ ಮಾಳಿಗೆ, ಮೇಲೆ ನೀರಿನ ಟ್ಯಾಂಕು ಇದ್ದವರು ಬಿಸಿಲನ್ನು ಬಿಟ್ಟು ಬೇರೆ ಹುಡುಕುವುದು ಸರಿಯಲ್ಲ. ಆ ಅನುಕೂಲ ಇಲ್ಲದವರು ಹಂಡೆಗೆ ಬೆಸುಗೆ ಹಾಕಿಸಿ, ಒಲೆಯನ್ನು ಸುಧಾರಿಸಿಕೊಂಡರೆ ಅದೇನೂ ಕೀಳಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ಅಸ್ತ್ರ ಒಲೆಯ ಮೂಲಕ ಹಳ್ಳಿಗೆ ಹೇಳಿಕೊಟ್ಟ ಪಾಠ ಇದೇ: ಬೆಂಕಿಯನ್ನು ಸುತ್ತ ಮುಚ್ಚಿ, ಕೆಳಗಿನಿಂದ ಹದವಾಗಿ ಗಾಳಿ ಕೊಟ್ಟು, ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸಿದರೆ ಕಡಿಮೆ ಕಟ್ಟಿಗೆಯಲ್ಲೇ ಕೆಲಸವಾಗುತ್ತದೆ. ಬಡತನದಲ್ಲಿ ಮಾಡಿದ ಇಂಥ ಸುಧಾರಣೆ, ಸಿರಿತನದಲ್ಲಿ ಪ್ರತಿಷ್ಠೆಗಾಗಿ ಕೊಂಡ ಯಂತ್ರಕ್ಕಿಂತ ಹೆಚ್ಚು ಬೆಲೆಯುಳ್ಳದ್ದು.

ಇನ್ನೊಂದು ಪ್ರಶ್ನೆ ಉಳಿದಿದೆ, ಯಾವ ಯಂತ್ರವೂ ಉತ್ತರ ಕೊಡಲಾರದ ಪ್ರಶ್ನೆ. ಹಂಡೆಯಾಗಲಿ ಸೋಲಾರಾಗಲಿ, ಬಿಸಿನೀರು ಒಂದು ಮಿತಿಯವರೆಗೆ ಮಾತ್ರ. ಮೊದಲು ಮಿಂದವರು ಕೈಬಿಚ್ಚಿ ಸುರಿದುಕೊಂಡರೆ ಕೊನೆಯವರ ಪಾಲಿಗೆ ತಣ್ಣೀರು. ನಿಮ್ಮ ಮನೆಯಲ್ಲಿ ಆ ಕೊನೆಯವರು ಯಾರು? ಹೆಚ್ಚಾಗಿ, ನೀರು ಕಾಯಿಸಿದವರೇ. ಹತ್ತಾರು ಸಾವಿರ ಕೊಟ್ಟು ಹೊಸದನ್ನು ತಂದ ಮೇಲೂ ಅವರೇ ತಣ್ಣೀರು ಮೀಯುವುದಾದರೆ ಮನೆಯಲ್ಲಿ ಪಾತ್ರೆ ಬದಲಾಯಿತು, ಮನಸ್ಸು ಬದಲಾಗಲಿಲ್ಲ.

ಆದ್ದರಿಂದ ಪೇಟೆಗೆ ಹೊರಡುವ ಮುನ್ನ ಮನೆಮಂದಿಯೆಲ್ಲ ಒಮ್ಮೆ ಕೂಡಿ ಕುಳಿತುಕೊಳ್ಳಿ. ಮಾಳಿಗೆಯ ಬಲ, ನೀರಿನ ಗುಣ, ಕೈಯಲ್ಲಿರುವ ಹಣ, ಮೂರನ್ನೂ ನೋಡಿ. ಜೊತೆಗೆ ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವವರ ಮಾತನ್ನು ಮೊದಲು ಕೇಳಿ. ಅವರ ಕಷ್ಟ ಒಂದಿಷ್ಟಾದರೂ ಹಗುರಾಗುವಂಥದ್ದನ್ನು ತನ್ನಿ. ತಂದ ಮೇಲೆ, ಒಂದು ಬಕೆಟ್ ಬಿಸಿನೀರನ್ನು ಅವರಿಗಾಗಿ ಮೊದಲೇ ತೆಗೆದಿಡಿ.