ಅಸುರರಿಗೆ ಕೊಟ್ಟ ಮಾತು

ಪ್ರಥಮ ನಾಟಕವು ಇಂದ್ರಧ್ವಜದ ಉತ್ಸವದಲ್ಲಿ, ನಾಟ್ಯಮಂಟಪವೆಂಬುದು ಇನ್ನೂ ಹುಟ್ಟದಿದ್ದಾಗ ನಡೆಯಿತೆಂದು ಭರತನ ನಾಟ್ಯಶಾಸ್ತ್ರವು ಹೇಳುತ್ತದೆ. ತಮ್ಮ ಸೋಲನ್ನೇ ಆಡಿ ತೋರಿಸುತ್ತಿರುವುದನ್ನು ಕಂಡು ಕೆರಳಿದ ದೈತ್ಯರು ವಿರೂಪಾಕ್ಷನನ್ನು ಮುಂದಿಟ್ಟುಕೊಂಡು ನಟರ ಮಾತು, ಚೇಷ್ಟೆ, ಸ್ಮೃತಿಗಳನ್ನು ಸ್ತಂಭಿಸಿಬಿಡಲು, ಇಂದ್ರನು ಧ್ವಜದಂಡವನ್ನೇ ಹಿಡಿದು ಅವರನ್ನು ಜರ್ಜರಿತಗೊಳಿಸಿದನು. ಆ ಬಳಿಕ ಬ್ರಹ್ಮನ ಅಪ್ಪಣೆಯಂತೆ ವಿಶ್ವಕರ್ಮನು ಮಂಟಪವನ್ನು ಕಟ್ಟಿದನು, ಅದಕ್ಕೆ ದೇವತೆಗಳು ಕಾವಲು ನಿಂತರು. ಹಾಗಾದರೆ ರಂಗಮಂದಿರದ ಮೊದಲ ಗೋಡೆ ಎದ್ದದ್ದು ಪ್ರೇಕ್ಷಕರಿಗೆ ನೆರಳಾಗಲೆಂದಲ್ಲ, ಬೇಡದವರು ಒಳಗೆ ಬಾರದಿರಲೆಂದು. ತಳಹದಿ ಹಾಕುವಾಗ ಪಾಷಂಡಿಗಳನ್ನೂ ಕಾವಿಯುಟ್ಟವರನ್ನೂ ಅಂಗವಿಕಲರನ್ನೂ ದೂರವಿಡಬೇಕೆಂಬ ಎರಡನೆಯ ಅಧ್ಯಾಯದ ವಿಧಿಯನ್ನು ಓದಿದರೆ ಈ ಸಂಶಯವು ಬಲಿಯುತ್ತದೆ. (ಸಂನ್ಯಾಸಿಯನ್ನು ಹೊರಗಿಟ್ಟದ್ದಕ್ಕೆ ನನ್ನ ತಕರಾರಿಲ್ಲ; ಕಾಲಿಲ್ಲದವನೇನು ಮಾಡಿದ್ದ?)

ಗೋಡೆಯ ಹೆಸರು ಬದಲಾದರೆ ಒಳಗೆ ಬರುವವರೂ ಬದಲಾಗುವುದುಂಟು. ನಾಟಕಶಾಲೆಗೆ ಕಾಲಿಡುವುದು ಪಾಪವೆಂದು ನಂಬಿದ್ದ ಅಮೆರಿಕದ ಬಾಸ್ಟನ್ ನಗರದ ಎಷ್ಟೋ ಸದ್ಗೃಹಸ್ಥರು 1841ರಲ್ಲಿ ತೆರೆದ ‘ಬಾಸ್ಟನ್ ಮ್ಯೂಸಿಯಂ’ ಎಂಬ ಕಟ್ಟಡಕ್ಕೆ ಮಾತ್ರ ನಿಶ್ಶಂಕೆಯಿಂದ ಹೋಗಿ ನಾಟಕ ನೋಡಿ ಬರುತ್ತಿದ್ದರು. ನ್ಯೂಯಾರ್ಕಿನ ಗೋಡೆ ಇಷ್ಟು ಸೌಮ್ಯವಾಗಿರಲಿಲ್ಲ. 1849ರ ಮೇ 10ರ ರಾತ್ರಿ, ಬಿಳಿಯ ಕೈಗವಸಿನ ಶ್ರೀಮಂತರಿಗೆಂದೇ ಮೀಸಲಾದಂತಿದ್ದ ಆಸ್ಟರ್ ಪ್ಲೇಸ್ ಆಪೆರಾ ಹೌಸಿನಲ್ಲಿ ಇಂಗ್ಲೆಂಡಿನ ಮ್ಯಾಕ್ರೆಡಿ ‘ಮ್ಯಾಕ್‌ಬೆತ್’ ಆಡುತ್ತಿರಲು, ತಮ್ಮ ನಟ ಫಾರೆಸ್ಟನ ಪಕ್ಷದ ಸಾಮಾನ್ಯ ಜನರು ಹೊರಗಿನಿಂದ ಕಲ್ಲು ತೂರಿದರು. ಸೈನಿಕರ ಗುಂಡಿಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಬಲಿಯಾದರು. ಅಲ್ಲಿ ಇಂದ್ರನಿದ್ದ, ಧ್ವಜದಂಡವಿತ್ತು, ಬ್ರಹ್ಮನಿರಲಿಲ್ಲ.

ಭರತನ ಕಥೆಯಾದರೋ ಗೋಡೆಗೇ ನಿಲ್ಲುವುದಿಲ್ಲ. ದೇವತೆಗಳಂತೆ ನಾವೂ ನಿನ್ನಿಂದಲೇ ಹುಟ್ಟಿದವರಲ್ಲವೆ ಎಂದು ವಿರೂಪಾಕ್ಷನು ಬ್ರಹ್ಮನನ್ನು ಆಕ್ಷೇಪಿಸಲು, ನಾಟ್ಯವು ಕೇವಲ ನಿಮ್ಮದೂ ಅಲ್ಲ, ದೇವತೆಗಳದೂ ಅಲ್ಲ, ಮೂರು ಲೋಕಗಳ ಭಾವದ ಅನುಕೀರ್ತನವೆಂದು ಪಿತಾಮಹನು ಮಾತು ಕೊಟ್ಟನು.

ಆ ಮಾತು ಬೆಂಗಳೂರಿನ ಪೀಣ್ಯದಲ್ಲಿ ಇನ್ನೂ ನಡೆಯುತ್ತಿದೆಯೆಂದು ನನ್ನ ನಂಬಿಕೆ. 1884ರಲ್ಲಿ ಚನ್ನಬಸವೇಶ್ವರನ ಹೆಸರಿನಲ್ಲಿ ನಾಟಕ ಕಂಪನಿ ಹುಟ್ಟಿದ ಗುಬ್ಬಿಯ ಕಡೆಗೆ ಹೊರಡುವ ತುಮಕೂರು ರಸ್ತೆಯ ಮಗ್ಗುಲಲ್ಲೇ ಈ ಕೈಗಾರಿಕಾ ಪ್ರದೇಶವಿದೆ. ತುಮಕೂರು, ಮಂಡ್ಯ, ಹಾಸನಗಳ ಹಳ್ಳಿಗಳಿಂದ ಬಂದು ಲೇತಿನ ಮುಂದೆ ನಿಂತವರಲ್ಲಿ ಕೆಲವರು, ಪಾಳಿ ಮುಗಿದ ಮೇಲೆ ಹಾರ್ಮೋನಿಯಂ ಮೇಷ್ಟ್ರ ಬಳಿ ಕಂದಪದ್ಯ ಕಲಿತು, ಬಯಲ ಶಾಮಿಯಾನದ ಕೆಳಗೆ ರಾತ್ರಿಯಿಡೀ, ಯೋಗವಿದ್ದರೆ 1963ರಲ್ಲಿ ತೆರೆದ ರವೀಂದ್ರ ಕಲಾಕ್ಷೇತ್ರದಲ್ಲಿ ಹಗಲಿಡೀ, ‘ಕುರುಕ್ಷೇತ್ರ’ ಆಡುತ್ತಾರೆ. ಪರದೆಯೇಳುವ ಮುನ್ನ ಕಾಯಿ ಒಡೆಯುವುದುಂಟು, ಕೃಷ್ಣನು ಬಂದಾಗ ಕೈಮುಗಿಯುವವರುಂಟು; ಆದರೆ ಶಿಳ್ಳೆ, ನೋಟಿನ ಹಾರ, ‘ಒನ್ಸ್ ಮೋರ್’ಗಳು ದುರ್ಯೋಧನನಿಗೆ. ಕಿರೀಟ ಬಾಡಿಗೆಯದು, ಗದೆಯ ಬೇಗಡೆ ಅಲ್ಲಲ್ಲಿ ಕಿತ್ತಿದೆ, ಉಗುರಿನ ಸಂದಿನಲ್ಲಿ ಗ್ರೀಸಿನ ಕಪ್ಪು ಹಾಗೆಯೇ ಇದೆ. ಅವನು ಆಲಾಪನೆಗೆ ಬಾಯ್ತೆರೆದೊಡನೆ ಹಿಂದಿನ ಸಾಲಿನ ಮುದುಕರು ನೆಟ್ಟಗೆ ಕೂರುತ್ತಾರೆ. ಭಕ್ತಿಯನ್ನು ಒಬ್ಬನಿಗೂ ಮೆಚ್ಚನ್ನು ಇನ್ನೊಬ್ಬನಿಗೂ ಒಪ್ಪಿಸುವ ಈ ಪ್ರೇಕ್ಷಕರನ್ನು ಧರ್ಮವರಿಯದವರೆನ್ನುವ ವಿದ್ವಾಂಸರಿದ್ದರೆ ನಾನು ಅವರ ಪಕ್ಷವಲ್ಲ. ಅಧರ್ಮಿಯ ಅಳಲನ್ನು ಪೂರ್ತಿ ಕೇಳಿದ ಮೇಲೆಯೇ ಧರ್ಮದ ಜಯವನ್ನು ಒಪ್ಪುವವರು ಇವರು.

ಒಂದು ತೊಡಕುಂಟು. ಇಲ್ಲಿ ಪಾತ್ರವನ್ನು ಹಣ ತೆತ್ತು ಪಡೆಯಬೇಕು. ದೊಡ್ಡ ಪಾತ್ರಕ್ಕೆ ದೊಡ್ಡ ಮೊತ್ತ. ಕಂಠವಿದ್ದೂ ಕಾಸಿಲ್ಲದವನು ದ್ವಾರಪಾಲಕನಾಗಿ ನಿಲ್ಲುತ್ತಾನೆ. ಸೀನರಿಯವನೂ ಲೈಟಿನವನೂ ಸಾಲ ಕೊಡುವುದಿಲ್ಲವಾದ್ದರಿಂದ ಈ ಏರ್ಪಾಡು ತಪ್ಪದೆನ್ನುವರು. ಒಪ್ಪತಕ್ಕ ಮಾತೇ, ಆದರೂ ಚಂದಾ ಎತ್ತಿ ಗಣಪತಿಯನ್ನು ಕೂರಿಸಬಲ್ಲ ಬೀದಿಗೆ ಒಬ್ಬ ದುರ್ಯೋಧನನ ಖರ್ಚು ಭಾರವಾಗಬಾರದು.