ಪರೀಕ್ಷಿಸಿದವನ ಸಹಿ

ಸುಳ್ಳಾಡದವನು ಹೇಳಿದ ಮಾತೂ ಸುಳ್ಳಾಗಬಹುದೆ? ಈ ಪ್ರಶ್ನೆ ನನಗೆ ಎದುರಾದದ್ದು ಹೊಸೂರಿನ ಒಂದು ಚಿಕ್ಕ ದುರಸ್ತಿ ಅಂಗಡಿಯಲ್ಲಿ. ಸಿಪ್‌ಕಾಟ್‌ನ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗದಿಂದ ನಿವೃತ್ತನಾದ ಮೇಲೆ ಸಂಜೆಯ ಹೊತ್ತು ಅಲ್ಲಿ ಕೂರುವುದು ನನ್ನ ರೂಢಿ. ತಳಿ ಕಡೆಯ ಕನ್ನಡದ ಹುಡುಗನೊಬ್ಬ ಅಲ್ಲಿ ಕೆಲಸಕ್ಕಿದ್ದ. ಒಂದು ಸಂಜೆ ಹೆಂಗಸೊಬ್ಬರು ಇಸ್ತ್ರಿಪೆಟ್ಟಿಗೆಯನ್ನು ಮರಳಿ ತಂದು ಮೇಜಿನ ಮೇಲಿಟ್ಟರು.

‘ಪಾಸ್ ಅಂತ ಚೀಟಿ ಅಂಟಿಸಿದ್ದೀಯಲ್ಲಪ್ಪ, ಮುಟ್ಟಿದರೆ ಚುರ್ ಅನ್ನುತ್ತೆ.’

‘ಇಲ್ಲಮ್ಮಾ, ನಾನೇ ಮೆಗ್ಗರ್ ಹಾಕಿ ನೋಡಿದ್ದೀನಿ’ ಎಂದ ಹುಡುಗ. ಅವನು ಹೇಳಿದ್ದು ನಿಜವೇ ಆಗಿತ್ತು.

ಮತ್ತೊಮ್ಮೆ ಮಾಡಿ ತೋರಿಸೆಂದೆ. ಮೆಗ್ಗರಿನ ಒಂದು ತಂತಿಯನ್ನು ಫೇಸ್ ಪಿನ್ನಿಗೂ ಇನ್ನೊಂದನ್ನು ಅರ್ತ್ ಪಿನ್ನಿಗೂ ಸಿಕ್ಕಿಸಿದ. ಮುಳ್ಳು ಅನಂತಕ್ಕೆ ಹೋಗಿ ನಿಂತಿತು. ಆದರೆ ಪೆಟ್ಟಿಗೆಯ ಥರ್ಮೋಸ್ಟಾಟ್ ಆಫ್‌ನಲ್ಲಿತ್ತು! ಮೆಗ್ಗರಿನ 500 ವೋಲ್ಟ್ ಅಲ್ಲಿಗೇ ನಿಂತು, ಸೋರುತ್ತಿದ್ದ ಎಲಿಮೆಂಟನ್ನು ಮುಟ್ಟಿಯೇ ಇರಲಿಲ್ಲ. ಅವನು ಪರೀಕ್ಷಿಸಿದ್ದು ವೈರನ್ನು ಮಾತ್ರ. ಅರ್ತ್ ನೋಡಲು ಟೆಸ್ಟ್ ಲ್ಯಾಂಪ್ ಬಳಸಿದ್ದ, ಬಲ್ಬು ಉರಿದಿತ್ತು. ಬಲ್ಬು ಎಳೆಯುವುದು ಅರ್ಧ ಆಂಪಿಯರಿಗೂ ಕಡಿಮೆ. ತಂತಿಯ ಎಳೆಗಳಲ್ಲಿ ಒಂದೇ ಒಂದು ಉಳಿದಿದ್ದರೂ ಅದು ಉರಿಯುತ್ತದೆ. ನಿಜವಾದ ದೋಷ ಬಂದಾಗ ಆ ಒಂದೆಳೆ ಫ್ಯೂಸಿನಂತೆ ಸುಟ್ಟುಹೋಗುತ್ತದೆ. ಆದ್ದರಿಂದಲೇ ಗೃಹೋಪಕರಣಗಳ ಸುರಕ್ಷತೆಯ ಐಎಸ್ 302 ಮಾನಕವು ಕನಿಷ್ಠ 25 ಆಂಪಿಯರ್ ಹರಿಸಿ, ರೋಧವು 0.1 ಓಮ್ ಮೀರದೆಂಬುದನ್ನು ನೋಡಲು ಹೇಳುತ್ತದೆ. (ಆಕೆಯ ಮನೆಯ ಸಾಕೆಟ್ಟಿಗೆ ಅರ್ತ್ ಸಂಪರ್ಕವೇ ಇರಲಿಲ್ಲವೆಂಬುದು ಆಮೇಲೆ ತಿಳಿಯಿತು. ನಮ್ಮ ಹಳೆಯ ಮನೆಗಳಲ್ಲಿ ಇದೇನೂ ಅಪರೂಪವಲ್ಲ.)

ಈ ಕಸುಬಿನ ವಿಚಿತ್ರ ಇಲ್ಲಿದೆ. ಅಡುಗೆ ಬಾರದವನ ಸಾರು ನಾಲಗೆಗೆ ಸಿಕ್ಕಿಬೀಳುತ್ತದೆ. ಹೊಲಿಗೆ ಬಾರದವನ ಅಂಗಿ ತೊಟ್ಟೊಡನೆ ಹೇಳುತ್ತದೆ. ಪರೀಕ್ಷೆ ಬಾರದವನ ತಪ್ಪು ಮಾತ್ರ ಒಳ್ಳೆಯ ಫಲಿತಾಂಶದ ವೇಷದಲ್ಲಿ ಬರುತ್ತದೆ. ಚೀಟಿಯನ್ನು ನಂಬಿದವಳು ಪೆಟ್ಟಿಗೆ ಬಿಚ್ಚಿ ನೋಡಲಾರಳು. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಮುಟ್ಟುವ ಕೈ ಅವಳದೇ. 230 ವೋಲ್ಟಿನ ಮನೆಯಲ್ಲಿ ಜೀವರಕ್ಷಣೆಗೆಂದು ಹಾಕುವ ಇಎಲ್‌ಸಿಬಿ 30 ಮಿಲಿಆಂಪಿಯರಿಗೇ ಕಡಿದುಕೊಳ್ಳುತ್ತದೆಂದರೆ ಅಪಾಯ ಎಷ್ಟು ಅಲ್ಪದಲ್ಲಿದೆ ಎಂಬುದನ್ನು ಊಹಿಸಬಹುದು.

ಹಾಗಾದರೆ ಅರ್ಹನಾರು? ಐಟಿಐಯ ಎಲೆಕ್ಟ್ರಿಷಿಯನ್ ತರಬೇತಿ ಎರಡು ವರ್ಷದ್ದು. ಅದರ ಪ್ರಮಾಣಪತ್ರಕ್ಕೆ ಬೆಲೆಯಿದೆ. ಬ್ರಿಟನ್ನಿನ 1989ರ ವಿದ್ಯುತ್ ನಿಯಮಗಳು ಮಾತ್ರ ಪ್ರಮಾಣಪತ್ರದ ಹೆಸರೆತ್ತದೆ, ಅಪಾಯ ತಪ್ಪಿಸಲು ಬೇಕಾದ ಜ್ಞಾನ ಅಥವಾ ಅನುಭವ ಇರಬೇಕು, ಇಲ್ಲವೆ ಕೆಲಸಕ್ಕೆ ತಕ್ಕ ಮೇಲ್ವಿಚಾರಣೆಯಲ್ಲಿರಬೇಕು ಎನ್ನುತ್ತವೆ. ಈ ಮೇಲ್ವಿಚಾರಣೆಯೆಂಬ ಮಾತು ನನ್ನನ್ನು ಚುಚ್ಚುತ್ತದೆ. ತನ್ನ ಪರೀಕ್ಷೆ ಯಾವುದನ್ನು ಮುಟ್ಟಲಿಲ್ಲವೆಂದು ಬಲ್ಲವನೇ ಅರ್ಹನೆಂದು ನಾನು ಭಾವಿಸುತ್ತೇನೆ. ಆದರೆ ಅದನ್ನು ತಾನಾಗಿ ಬಲ್ಲವರಿಲ್ಲ; ಯಾರಾದರೂ ಹೇಳಿಕೊಡಬೇಕು.

ಹುಡುಗನಿಗೆ ಮೆಗ್ಗರ್ ಹಿಡಿಯಲು ಕಲಿಸಿದವನು ನಾನೇ, ಅದೂ ಒಂದೇ ಸಂಜೆ, ನೀರು ಕಾಯಿಸುವ ರಾಡನ್ನು ಮುಂದಿಟ್ಟುಕೊಂಡು. ರಾಡಿಗೆ ಥರ್ಮೋಸ್ಟಾಟೂ ಇಲ್ಲ, ಸ್ವಿಚ್ಚೂ ಇಲ್ಲ. ಹುಡುಗ ನಾನು ತೋರಿಸಿದ್ದನ್ನು ಚಾಚೂ ತಪ್ಪದೆ ಮಾಡಿದ್ದ. ಮಾಡಿದ್ದು ಯಾಕೆಂಬುದನ್ನು ನಾನು ಹೇಳಿರಲಿಲ್ಲ. ಅವನ ಸಹಿಯ ಕೆಳಗೆ ನನ್ನದೂ ಇತ್ತು, ಕಾಣುತ್ತಿರಲಿಲ್ಲ ಅಷ್ಟೆ.

ಥರ್ಮೋಸ್ಟಾಟ್ ತಿರುಗಿಸಿದೆ, ಮುಳ್ಳು ಸೊನ್ನೆಯ ಹತ್ತಿರಕ್ಕೆ ಬಿತ್ತು. ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ: ‘ಹಂಗಾದ್ರೆ ಸಾರ್, ಈ ಹದಿನೈದು ದಿನದಲ್ಲಿ ಹೋದ ಪೆಟ್ಟಿಗೆಗಳು?’

ಪುಸ್ತಕದಲ್ಲಿ ಹನ್ನೊಂದು ಹೆಸರಿದ್ದವು. ರಾತ್ರಿಯೇ ಫೋನು ಮಾಡತೊಡಗಿದೆವು. ಭಾನುವಾರದ ಹೊತ್ತಿಗೆ ಒಂಬತ್ತು ಬಂದವು. ಅವುಗಳಲ್ಲಿ ಒಂದು ಸೋರುತ್ತಿತ್ತು. ಉಳಿದೆರಡರ ಫೋನು ಹತ್ತಲಿಲ್ಲ. ಒಂದಕ್ಕೆ ಬಾಗಲೂರೆಂದಷ್ಟೇ ಬರೆದಿತ್ತು. ಹುಡುಗ ಅಂಗಡಿಯ ಸೈಕಲ್ ತೆಗೆದುಕೊಂಡು ಹೊರಟ.