ದುರ್ಬಲರು ಎಂದರೆ ಯಾರು?

ಇಂಗ್ಲಿಷಿನಲ್ಲಿ ‘ವಲ್ನರಬಲ್’ ಎಂಬ ಒಂದು ಪದವಿದೆ. ಮಕ್ಕಳ ಬಗ್ಗೆ, ವೃದ್ಧರ ಬಗ್ಗೆ, ನೆರೆ ಬರುವ ಊರುಗಳ ಬಗ್ಗೆ, ಕಾಡಿನಲ್ಲಿ ಕಡಿಮೆಯಾಗುತ್ತಿರುವ ಕರಡಿ, ಕಾಟಿಗಳ ಬಗ್ಗೆ ಕೂಡ ಅದನ್ನು ಬಳಸುತ್ತಾರೆ. ತರಗತಿಯಲ್ಲಿ ಅರ್ಥ ಕೇಳಿದರೆ ಮಕ್ಕಳು ತಟ್ಟನೆ ‘ದುರ್ಬಲ’ ಎನ್ನುತ್ತಾರೆ. ಹಾಗೆ ಬರೆದವರಿಗೆ ನಾನು ಅಂಕ ಕೊಡುತ್ತೇನೆ. ಆದರೂ ಆ ಅರ್ಥವನ್ನು ಒಪ್ಪಲು ಮನಸ್ಸು ಬರುವುದಿಲ್ಲ.

ಈ ಪದದ ಮೂಲ ಲ್ಯಾಟಿನ್ ಭಾಷೆಯ ‘ವುಲ್ನುಸ್’. ಹಾಗೆಂದರೆ ಗಾಯ. ಗಾಯಗೊಳ್ಳುವ ಸ್ಥಿತಿಯಲ್ಲಿರುವವರು ಎಂಬುದು ನೇರವಾದ ಅರ್ಥ. ‘ದುರ್ಬಲ’ ಎಂದಾಗ ನಮ್ಮ ಕಣ್ಣು ಆ ವ್ಯಕ್ತಿಯ ಮೇಲೆಯೇ ನಿಲ್ಲುತ್ತದೆ, ಕೊರತೆ ಅವರಲ್ಲೇ ಇದೆ ಎಂದು ತೀರ್ಮಾನಿಸಿಬಿಡುತ್ತೇವೆ. ‘ಗಾಯಗೊಳ್ಳುವವರು’ ಎಂದಾಗ ಇನ್ನೊಂದು ಪ್ರಶ್ನೆ ತಾನಾಗಿಯೇ ಏಳುತ್ತದೆ: ಗಾಯ ಮಾಡುವವರು ಯಾರು?

ನಮ್ಮ ಕರಾವಳಿಯ ಕೊರಗರನ್ನೇ ನೋಡಿ. ಹಿಂದೆ ಕೇಂದ್ರ ಸರ್ಕಾರ ಅವರನ್ನೂ ಜೇನುಕುರುಬರನ್ನೂ ಆದಿಮ ಬುಡಕಟ್ಟುಗಳ ಪಟ್ಟಿಯಲ್ಲಿ ಇಟ್ಟಿತ್ತು. 2006ರಲ್ಲಿ ‘ಆದಿಮ’ ಎಂಬುದನ್ನು ಕೈಬಿಟ್ಟು ಇದೇ ‘ವಲ್ನರಬಲ್’ ಪದವನ್ನು ಸೇರಿಸಿತು. ಕನ್ನಡಕ್ಕೆ ಬರುವಷ್ಟರಲ್ಲಿ ಅದು ‘ದುರ್ಬಲ’ವಾಯಿತು. ಕಾಡಿನ ಬಳ್ಳಿ ತಂದು ಬುಟ್ಟಿ ಹೆಣೆಯುವ, ಡೋಲು ಬಾರಿಸುವ ಕೈಗಳು ದುರ್ಬಲವೇ? ತಮ್ಮ ರೋಗ, ಪೀಡೆ ಕಳೆಯಲೆಂದು ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವ ‘ಅಜಲು’ ಪದ್ಧತಿ ನಮ್ಮ ನಾಡಿನಲ್ಲೇ ನಡೆದುಬಂದಿತ್ತು. ಅದನ್ನು ನಿಷೇಧಿಸಲು 2000ದಲ್ಲಿ ಕಾನೂನನ್ನೇ ಮಾಡಬೇಕಾಯಿತು. ತಿನ್ನಿಸಿದವರ ಬಗ್ಗೆ ಮಾತಿಲ್ಲ, ತಿಂದವರಿಗೆ ಮಾತ್ರ ‘ದುರ್ಬಲ’ ಎಂಬ ಹೆಸರು. ಇದು ಯಾವ ನ್ಯಾಯ?

ಬಲವಿದ್ದವರಿಗೂ ಗಾಯವಾಗುತ್ತದೆ. ಇಸ್ಪೀಟಿನ ಬ್ರಿಡ್ಜ್ ಆಟದಲ್ಲಿ ಒಂದು ಗೇಮ್ ಗೆದ್ದ ಜೋಡಿಯನ್ನೇ ‘ವಲ್ನರಬಲ್’ ಎನ್ನುತ್ತಾರೆ. ಅಲ್ಲಿಂದ ಮುಂದೆ ಹೇಳಿದ್ದನ್ನು ಸಾಧಿಸದೆ ಹೋದರೆ ಅವರಿಗೆ ದಂಡ ಹೆಚ್ಚು. ಇದ್ದವರಿಗಲ್ಲವೇ ಕಳೆದುಕೊಳ್ಳುವ ಭಯ! ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಗು ಮನೆಗೆ ಬರುವುದು ಹತ್ತು ನಿಮಿಷ ತಡವಾದರೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯುವುದಿಲ್ಲ. ಅದನ್ನು ದೌರ್ಬಲ್ಯ ಎನ್ನಬೇಕೋ, ಅಕ್ಕರೆ ಎನ್ನಬೇಕೋ? ಬೇಡಲು ಬಂದವನು ಇಂದ್ರನೆಂದು ತಿಳಿದೂ ಕರ್ಣ ಕವಚ ಕುಂಡಲಗಳನ್ನು ಕೊಟ್ಟುಬಿಟ್ಟ. ಅವನ ಮೈ ಬಾಣಕ್ಕೆ ತೆರೆದುಕೊಂಡಿತು. ಅವನನ್ನು ಯಾರೂ ದುರ್ಬಲನೆಂದು ಕರೆಯಲಿಲ್ಲ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದಾಗ ಮಾತ್ರ ಈ ವಿವೇಚನೆ ಎಲ್ಲಿ ಹೋಗುತ್ತದೆಯೋ! ‘ಅಬಲೆ’ ಎಂಬ ಮಾತು ನಮ್ಮಲ್ಲಿ ಸಿದ್ಧವಾಗಿಯೇ ಇದೆ. ಕೆಲವು ವರ್ಷಗಳ ಹಿಂದೆ ಹತ್ತನೆಯ ತರಗತಿಯ ಒಬ್ಬ ಹುಡುಗಿಯನ್ನು ಶಾಲೆ ಬಿಡಿಸಲು ಅವಳ ತಾಯಿ ಬಂದಿದ್ದರು. ಶಾಲೆಯ ದಾರಿಯಲ್ಲಿ ಮೂವರು ಹುಡುಗರ ಕಾಟ.

“ಕಾಲ ಸರಿಯಿಲ್ಲ ಮೇಡಂ. ಬೆಳೆದ ಹುಡುಗಿ. ಹೆಚ್ಚುಕಡಿಮೆ ಆದರೆ ಯಾರು ಹೊಣೆ?” ಎಂದರು.

“ತಪ್ಪು ಮಾಡುತ್ತಿರುವವರು ಆ ಮೂವರು. ಶಾಲೆ ಬಿಡುತ್ತಿರುವವಳು ನಿಮ್ಮ ಮಗಳು. ಇದು ಸರಿಯೇನಮ್ಮಾ?” ಎಂದೆ.

ಅವರು ಸುಮ್ಮನೆ ಕುಳಿತಿದ್ದು, ಎದ್ದು ಹೋದರು. ಮರುವಾರ ಆ ಬೀದಿಯ ನಾಲ್ಕೈದು ಮನೆಯ ಹೆಂಗಸರು ಸೇರಿ ಆ ಹುಡುಗರ ಮನೆಗಳಿಗೆ ಹೋಗಿ ಮಾತಾಡಿದರೆಂದು ತಿಳಿಯಿತು. ಕಾಟ ಪೂರ್ತಿ ನಿಂತಿತೆಂದು ಹೇಳಲಾರೆ. ಹುಡುಗಿ ಮಾತ್ರ ಪರೀಕ್ಷೆಗೆ ಕುಳಿತಳು.

ರಕ್ಷಣೆ ಬೇಡವೆಂದು ನಾನು ಹೇಳುತ್ತಿಲ್ಲ. ಎಳೆಯರಿಗೆ, ವಯಸ್ಸಾದವರಿಗೆ, ಕಾಯಿಲೆಯವರಿಗೆ ಆಸರೆ ಬೇಕೇ ಬೇಕು. ಆದರೆ ನೋಯುವವರನ್ನು ಕಟ್ಟಿಹಾಕಿ ನೋಯಿಸುವವರನ್ನು ಬೀದಿಗೆ ಬಿಟ್ಟರೆ ಅದು ರಕ್ಷಣೆಯಾಗುವುದಿಲ್ಲ. ಅದಕ್ಕೇ ಈಗ ತರಗತಿಯಲ್ಲಿ ಈ ಪದ ಬಂದಾಗ ‘ನೋವಿಗೆ ಈಡಾಗಬಹುದಾದವರು’ ಎಂದು ಬರೆಸುತ್ತೇನೆ. “ಉದ್ದವಾಯಿತು ಮಿಸ್” ಎಂದು ಮಕ್ಕಳು ಗೊಣಗುತ್ತಾರೆ. ಉದ್ದವಾದರೂ ಚಿಂತೆಯಿಲ್ಲ. ಅದನ್ನು ಬರೆಯುವಾಗ ಒಬ್ಬರಾದರೂ “ಯಾರಿಂದ ಮಿಸ್?” ಎಂದು ಕೇಳಿಯೇ ಕೇಳುತ್ತಾರೆ.